ಚಳಿಗಾಲದ ಋತುಚರ್ಯೆ: ಮೈಸೂರು ಸೀಮೆಯಲ್ಲಿ

ಆಯುರ್ವೇದವು ವರ್ಷವನ್ನು ಆರು ಋತುಗಳಾಗಿ ವಿಂಗಡಿಸಿ, ಒಂದೊಂದು ಋತುವಿಗೂ ಊಟ, ಸ್ನಾನ, ವ್ಯಾಯಾಮ, ಉಡುಪು, ನಿದ್ದೆಗಳ ಕ್ರಮವನ್ನು ಹೇಳಿದೆ. ಅದೇ ಋತುಚರ್ಯೆ. ಮಾರ್ಗಶಿರ–ಪುಷ್ಯದ ಹೇಮಂತ ಮತ್ತು ಮಾಘ–ಫಾಲ್ಗುಣದ ಶಿಶಿರ ಎರಡೂ ಸೇರಿದರೆ ಚಳಿಗಾಲ. ಈ ನಾಲ್ಕು ತಿಂಗಳಿಗೆ ಪ್ರಾಚೀನ ವೈದ್ಯರು ವಿಧಿಸಿರುವುದು ಪಥ್ಯವಲ್ಲ, ಪುಷ್ಟಿ. ಚೆನ್ನಾಗಿ ತಿನ್ನಬೇಕು, ಎಣ್ಣೆ ಹಚ್ಚಿಕೊಳ್ಳಬೇಕು, ಮೈ ದಂಡಿಸಬೇಕು, ಬೆಚ್ಚಗಿರಬೇಕು. ಆಯುರ್ವೇದವೆಂದರೆ ಬಾಯಿ ಕಟ್ಟುವುದು ಎಂದುಕೊಂಡವರಿಗೆ ಹೇಮಂತದ ಅಧ್ಯಾಯ ಅಚ್ಚರಿ ತರುತ್ತದೆ. ಆದರೆ ಆ ಗ್ರಂಥಗಳು ಹುಟ್ಟಿದ್ದು ಉತ್ತರ ಭಾರತದ ಕೊರೆಯುವ ಚಳಿಯಲ್ಲಿ. ಮೈಸೂರಿನ ಹದವಾದ ಚಳಿಗೆ ಅವನ್ನು ಹೊಂದಿಸಿಕೊಳ್ಳುವಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬುದನ್ನು ಈ ಲೇಖನ ನೋಡುತ್ತದೆ.

ಮೈಸೂರು ನಗರ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್–ಜನವರಿಯ ಮುಂಜಾನೆ ಉಷ್ಣಾಂಶ ಸಾಮಾನ್ಯವಾಗಿ 16 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ, ಮಧ್ಯಾಹ್ನ 27–28ಕ್ಕೆ ಏರುತ್ತದೆ. ಬೆಳಿಗ್ಗೆ ಸ್ವೆಟರ್ ತೊಟ್ಟು ಹೊರಟವರು ಹನ್ನೊಂದು ಗಂಟೆಗೆ ಅದನ್ನು ಕೈಮೇಲೆ ಹಾಕಿಕೊಂಡಿರುತ್ತಾರೆ. ಇಲ್ಲಿ ದೇಹವನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಒಂದೇ ದಿನದೊಳಗಿನ ಈ ಏರಿಳಿತ ಮತ್ತು ಒಣಗಾಳಿ. ನಗರದ ಪೂರ್ವಕ್ಕಿರುವ ಉದಯಗಿರಿ, ಅದಕ್ಕೆ ಅಂಟಿಕೊಂಡಂತಿರುವ ರಾಜೀವ್ ನಗರ, ಶಾಂತಿನಗರ, ಗೌಸಿಯಾನಗರಗಳು ನರಸಿಂಹರಾಜ ಕ್ಷೇತ್ರಕ್ಕೆ ಸೇರಿದ ಜನನಿಬಿಡ ಬಡಾವಣೆಗಳು. ಮುಸ್ಲಿಂ ಕುಟುಂಬಗಳೇ ಹೆಚ್ಚು. ದಖನಿ ಉರ್ದು, ಕನ್ನಡ ಎರಡೂ ಬೀದಿಯ ಮಾತು. ಆಯುರ್ವೇದದ ಚಳಿಗಾಲದ ಊಟ ಇಂದಿನ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ಹುಡುಕುವವರು ಸಾಮಾನ್ಯವಾಗಿ ಅಗ್ರಹಾರದ ಕಡೆ ನೋಡುತ್ತಾರೆ. ಉದಯಗಿರಿಯ ಕಡೆಗೂ ನೋಡಬೇಕೆಂಬುದಕ್ಕೆ ಕಾರಣ ಗ್ರಂಥಗಳಲ್ಲೇ ಇದೆ.

ಗ್ರಂಥಗಳು ಹೇಳುವುದು

ಚರಕ ಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯ ಮತ್ತು ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ 3ನೆಯ ಅಧ್ಯಾಯ ಈ ವಿಷಯದ ಮೂಲ ಆಧಾರಗಳು. ಎರಡರ ವಾದವೂ ಒಂದೇ. ದಕ್ಷಿಣಾಯನದಲ್ಲಿ ಸೂರ್ಯನ ಬಲ ತಗ್ಗುತ್ತದೆ, ಜೀವಿಗಳ ಬಲ ಹೆಚ್ಚುತ್ತದೆ. ಇದು ವಿಸರ್ಗ ಕಾಲ. ಉತ್ತರಾಯಣದಲ್ಲಿ ಸೂರ್ಯ ಬಲವನ್ನು ಹೀರಿಕೊಳ್ಳುತ್ತಾನೆ. ಇದು ಆದಾನ ಕಾಲ. ಹೇಮಂತ ವಿಸರ್ಗದ ಕೊನೆ, ಶಿಶಿರ ಆದಾನದ ಮೊದಲು. ಹಾಗಾಗಿ ವರ್ಷದಲ್ಲಿ ಮನುಷ್ಯನ ಬಲ ಇವೆರಡರಲ್ಲಿ ಎಲ್ಲಕ್ಕಿಂತ ಹೆಚ್ಚು. ಹೊರಗಿನ ಚಳಿಗೆ ಚರ್ಮದ ರಂಧ್ರಗಳು ಮುಚ್ಚಿಕೊಂಡು, ಒಳಗಿನ ಜಠರಾಗ್ನಿ ಮಣ್ಣು ಮೆತ್ತಿದ ಕುಂಬಾರರ ಆವಿಗೆಯಂತೆ ಉರಿಯುತ್ತದೆ. ಆ ಬೆಂಕಿಗೆ ತಕ್ಕ ಆಹಾರ ಬೀಳದಿದ್ದರೆ ಅದು ದೇಹದ ಧಾತುಗಳನ್ನೇ ಸುಡುತ್ತದೆ, ವಾತ ಕೆರಳುತ್ತದೆ. ಚಳಿಗಾಲದಲ್ಲಿ ಅರೆಹೊಟ್ಟೆ ಇರಬಾರದು, ನೀರಾದ ಹಿಟ್ಟಿನ ಪೇಯ ಕುಡಿಯಬಾರದು, ಹಗುರ ಮತ್ತು ಒಣ ಆಹಾರ ತಿನ್ನಬಾರದು, ಗಾಳಿಗೆ ಮೈ ಒಡ್ಡಬಾರದು ಎಂಬ ನಿಷೇಧಗಳೆಲ್ಲ ಈ ತರ್ಕದಿಂದ ಬಂದವು.

ಇನ್ನು ವಿಧಿ. ಸಿಹಿ, ಹುಳಿ, ಉಪ್ಪು ಈ ಮೂರು ರಸಗಳು ಮುಂದಿರಬೇಕು. ಹಾಲು ಮತ್ತು ಹಾಲಿನ ಪದಾರ್ಥ, ಕಬ್ಬು ಮತ್ತು ಬೆಲ್ಲ, ಎಣ್ಣೆ, ಕೊಬ್ಬು, ಹೊಸ ಅಕ್ಕಿಯ ಅನ್ನ, ಬಿಸಿನೀರು ಇವನ್ನು ರೂಢಿಸಿಕೊಂಡವನ ಆಯುಸ್ಸು ಕುಗ್ಗುವುದಿಲ್ಲ ಎನ್ನುತ್ತಾನೆ ಚರಕ. ವಾಗ್ಭಟ ಗೋಧಿ, ಉದ್ದು, ಹಿಟ್ಟಿನ ತಿಂಡಿಗಳನ್ನು ಸೇರಿಸುತ್ತಾನೆ. ಹೊಸ ಅಕ್ಕಿ ಬೇರೆ ಕಾಲದಲ್ಲಿ ಜೀರ್ಣಕ್ಕೆ ಭಾರ. ಹೇಮಂತದ ಅಗ್ನಿಗೆ ಮಾತ್ರ ಅದು ಒಗ್ಗುತ್ತದೆ. ಮೊಸರಿನ ವಿಷಯದಲ್ಲೂ ಇಂಥದೇ ಮಾತಿದೆ. ಶರತ್, ವಸಂತ, ಗ್ರೀಷ್ಮಗಳಲ್ಲಿ ಮೊಸರು ಒಳ್ಳೆಯದಲ್ಲ ಎನ್ನುವ ಚರಕ, ಆ ನಿಂದೆಯಿಂದ ಚಳಿಗಾಲವನ್ನು ಬಿಟ್ಟಿದ್ದಾನೆ. ‘ಚಳಿ ಇದೆ, ಮೊಸರು ಬೇಡ’ ಎನ್ನುವ ನಮ್ಮ ಮನೆಮಾತು ಹಗಲಿನ ಮಟ್ಟಿಗೆ ಗ್ರಂಥಕ್ಕೆ ವಿರುದ್ಧ. ರಾತ್ರಿ ಮೊಸರು ಮಾತ್ರ ಎಲ್ಲ ಕಾಲಕ್ಕೂ ನಿಷಿದ್ಧ.

ಪಟ್ಟಿಯ ಉಳಿದರ್ಧವನ್ನು ಇಂದಿನ ಆರೋಗ್ಯ ಅಂಕಣಗಳು ಸಾಮಾನ್ಯವಾಗಿ ನುಂಗಿಹಾಕುತ್ತವೆ. ನೀರಿನಲ್ಲೂ ಜೌಗಿನಲ್ಲೂ ಬದುಕುವ ಕೊಬ್ಬಿದ ಪ್ರಾಣಿಗಳ ಮಾಂಸರಸ, ಸುಟ್ಟ ಮಾಂಸ, ಅದರ ಮೇಲೆ ಮದಿರೆ, ಸೀಧು ಎಂಬ ಮದ್ಯಗಳು, ಜೇನು — ಚರಕನ ಹೇಮಂತದ ಊಟದ ನಟ್ಟನಡುವೆ ಇರುವುದು ಇವೇ.

ಕರ್ನಾಟಕದ ತಿದ್ದುಪಡಿ

ಈ ಪಟ್ಟಿಯನ್ನು ಕನ್ನಡ ನಾಡು ಇದ್ದಂತೆಯೇ ಒಪ್ಪಿಕೊಳ್ಳಲಿಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯ ಸಂಸ್ಕೃತದಲ್ಲಿ ಬರೆದ ‘ಕಲ್ಯಾಣಕಾರಕ’ವು ಔಷಧಕ್ಕೂ ಮಾಂಸ ಬೇಡವೆಂದು ವಾದಿಸಿತು. 12ನೆಯ ಶತಮಾನದ ಜಗದ್ದಳ ಸೋಮನಾಥ ಜೈನಾಚಾರ್ಯ ಪೂಜ್ಯಪಾದರ ಕೃತಿಯನ್ನು ಅನುಸರಿಸಿ ಕನ್ನಡದಲ್ಲಿ ‘ಕರ್ಣಾಟಕ ಕಲ್ಯಾಣಕಾರಕ’ ಬರೆದಾಗ ಮದ್ಯ, ಮಾಂಸ, ಮಧು ಮೂರನ್ನೂ ಚಿಕಿತ್ಸೆಯಿಂದ ಹೊರಗಿಟ್ಟ. 16ನೆಯ ಶತಮಾನದ ಆರಂಭದಲ್ಲಿ ಇಂದಿನ ಹುಣಸೂರು ತಾಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ವೂ ಸಸ್ಯಾಹಾರದ ಪಾಕಗ್ರಂಥ. ಮಾಂಸದ ಜಾಗಕ್ಕೆ ತುಪ್ಪ, ಎಳ್ಳು, ಉದ್ದು, ಹಾಲು, ಬೆಲ್ಲ ಬಂದು ಕೂತವು. ಆಯುರ್ವೇದ ಎಂದರೆ ಸಸ್ಯಾಹಾರ ಎಂಬ ಇಂದಿನ ನಂಬಿಕೆಗೆ ಕರ್ನಾಟಕದ ಮಟ್ಟಿಗೆ ಸಂಹಿತೆಗಳಿಗಿಂತ ಈ ಜೈನ ಪರಂಪರೆಯೇ ಹತ್ತಿರದ ಮೂಲವೆಂದು ತೋರುತ್ತದೆ.

ಈ ಶಾಸ್ತ್ರಕ್ಕೆ ಮೈಸೂರಿನಲ್ಲಿ ಸಾಂಸ್ಥಿಕ ನೆಲೆಯೂ ಹಳೆಯದು. ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಶುರುವಾಯಿತು. ಅದೇ ರಸ್ತೆಯಲ್ಲಿ ದೇವರಾಜ ಮಾರುಕಟ್ಟೆ ಇದೆ. ಹಿಪ್ಪಲಿ, ಒಣಶುಂಠಿ, ಜೇಷ್ಠಮಧು ಬೇಕಾದವರು ನಗರದ ಯಾವ ಮೂಲೆಯವರಾದರೂ ಹುಡುಕುವುದು ಗ್ರಂಧಿಗೆ ಅಂಗಡಿಯನ್ನೇ.

ಮಾಗಿಯ ಅಡುಗೆಮನೆ

ಹೇಮಂತದಲ್ಲಿ ರಾತ್ರಿ ದೀರ್ಘ, ಹಾಗಾಗಿ ಬೆಳಗಾಗುತ್ತಲೇ ಹಸಿವಾಗುತ್ತದೆ ಎಂದು ವಾಗ್ಭಟ ಗುರುತಿಸಿದ್ದಾನೆ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಸಿ ಬಿಸಿ ಹುಗ್ಗಿ ತಿನ್ನುವ ಪದ್ಧತಿ ಈ ಮಾತಿಗೆ ಸರಿಯಾಗಿ ಕೂಡುತ್ತದೆ. ಹೊಸ ಅಕ್ಕಿ, ಹುರಿದ ಹೆಸರುಬೇಳೆ, ಇಡಿ ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ ತುರಿ, ಮೇಲೆ ಧಾರಾಳವಾಗಿ ತುಪ್ಪ. ಅಕ್ಕಿಯ ಭಾರವನ್ನು ಮೆಣಸು–ಶುಂಠಿ ಹಗುರ ಮಾಡುತ್ತವೆ, ಮೆಣಸಿನ ಒಣತನವನ್ನು ತುಪ್ಪ ತಡೆಯುತ್ತದೆ. ದೇವರ ಪ್ರಸಾದವೆಂದು ಬಂದದ್ದೋ ವೈದ್ಯರ ಸಲಹೆಯೆಂದು ಬಂದದ್ದೋ ಬಿಡಿಸಿ ಹೇಳಲಾಗದು. ತಣ್ಣಗಾದ ಹುಗ್ಗಿಗೆ ಮಾತ್ರ ಈ ಗುಣವಿಲ್ಲ. ಅದು ಗಟ್ಟಿಯಾಗಿ ಎದೆಯ ಮೇಲೆ ಕೂರುತ್ತದೆ.

ಅವರೆಕಾಯಿಯ ಕತೆ ಬೇರೆ. ಡಿಸೆಂಬರ್ ಬಂತೆಂದರೆ ಹಳೇ ಮೈಸೂರಿನ ಮಾರುಕಟ್ಟೆಗಳಲ್ಲಿ ಸೊಗಡಿನ ಅವರೆ ರಾಶಿ ಬೀಳುತ್ತದೆ. ಉಪ್ಪಿಟ್ಟು, ಹುಳಿ, ರೊಟ್ಟಿ ಎಲ್ಲದಕ್ಕೂ ಅದೇ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಹೆಬ್ಬೆರಳು–ತೋರುಬೆರಳ ನಡುವೆ ಒಂದೊಂದಾಗಿ ಹಿದುಕಿ ಸಿಪ್ಪೆ ಬಿಡಿಸುವ ಕೆಲಸಕ್ಕೆ ಮನೆಮಂದಿಯೆಲ್ಲ ಕೂರಬೇಕು. ಆದರೆ ಸಂಸ್ಕೃತದಲ್ಲಿ ನಿಷ್ಪಾವವೆನಿಸಿಕೊಂಡ ಅವರೆಯನ್ನು ವಾಗ್ಭಟ ಹೊಗಳಿಲ್ಲ. ಅದು ಭಾರ, ಉರಿ ತರುವಂಥದ್ದು, ವಾತ–ಪಿತ್ತ ಹೆಚ್ಚಿಸುವಂಥದ್ದು. ವಾತವನ್ನು ಹಿಡಿತದಲ್ಲಿಡಬೇಕಾದ ಕಾಲದಲ್ಲಿ ವಾತ ಹೆಚ್ಚಿಸುವ ಕಾಳೇ ನಮ್ಮ ಅಚ್ಚುಮೆಚ್ಚು. ಶಾಸ್ತ್ರಕ್ಕೆ ಹೆದರಿ ಅವರೆ ಬಿಟ್ಟ ಮನೆ ಮೈಸೂರಿನಲ್ಲಿ ಸಿಗುವುದು ಕಷ್ಟ. ಬದಲಿಗೆ ಅಡುಗೆಯವರು ಸಿಪ್ಪೆ ತೆಗೆದರು, ಇಂಗು, ಬೆಳ್ಳುಳ್ಳಿ, ಶುಂಠಿ, ಚಕ್ಕೆ–ಲವಂಗ ಸೇರಿಸಿದರು, ಮುದ್ದೆಗೆ ತುಪ್ಪ ಬಿಟ್ಟರು. ಹೊಟ್ಟೆಯುಬ್ಬರದ ತೊಂದರೆ ಇರುವವರು ರಾತ್ರಿ ಊಟಕ್ಕೆ ಅವರೆ ಇಟ್ಟುಕೊಳ್ಳದಿರುವುದೇ ವಾಸಿ.

ಹುರುಳಿಗೆ ಮಾತ್ರ ಗ್ರಂಥದ ಪೂರ್ಣ ಬೆಂಬಲವಿದೆ. ಉಷ್ಣ ಗುಣದ ಈ ಕಾಳು ಕಫ–ವಾತ ತಗ್ಗಿಸುತ್ತದೆ. ನೆಗಡಿ, ಕೆಮ್ಮು, ಉಬ್ಬಸಕ್ಕೆ ಹಿತ. ಮಂಡ್ಯ–ಮೈಸೂರಿನ ಹುರುಳಿ ಬಸ್ಸಾರು, ಬಿಸಿ ರಾಗಿಮುದ್ದೆ ಚಳಿಗೆ ಹೇಳಿಮಾಡಿಸಿದ ಜೋಡಿ. ಪಿತ್ತದ ಪ್ರಕೃತಿಯವರಿಗೆ, ಮೂಗಿನಿಂದ ರಕ್ತ ಬರುವವರಿಗೆ ಹುರುಳಿ ಆಗದು. ಚರಕ, ವಾಗ್ಭಟರ ಹೇಮಂತದ ಪಟ್ಟಿಯಲ್ಲಿ ರಾಗಿ ಇಲ್ಲ. ಇಲ್ಲಿನ ಜನ ತಮ್ಮ ಧಾನ್ಯವನ್ನು ತಾವೇ ಆ ಜಾಗಕ್ಕೆ ತಂದುಕೊಂಡರು. ಬೇಸಿಗೆಗೆ ಅಂಬಲಿ, ಚಳಿಗೆ ಬಿಸಿ ಮುದ್ದೆ.

ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಪ್ರತಿವರ್ಷ ಎಲ್ಲರೂ ಆಯುರ್ವೇದದ ಉದಾಹರಣೆಯೆಂದು ತೋರಿಸುತ್ತಾರೆ, ಅದು ನಿಜವೂ ಹೌದು. ಎಳ್ಳು, ಕೊಬ್ಬರಿ, ಕಡಲೆಬೀಜ ಮೂರೂ ಎಣ್ಣೆಯ ಅಂಶವುಳ್ಳವು, ಬೆಲ್ಲ ಮತ್ತು ಕಬ್ಬು ಚರಕನ ಪಟ್ಟಿಯಲ್ಲೇ ಇವೆ.

ಉದಯಗಿರಿಯ ಪಾಯಾ, ಕೊಡಗಿನ ಪುತ್ತರಿ

ಪಾಯಾ ಎಂದರೆ ಕುರಿ–ಮೇಕೆಯ ಕಾಲಿನ ಸಾರು. ಕೂದಲು ಸುಟ್ಟು, ಕೆರೆದು ತೊಳೆದ ಕಾಲುಗಳನ್ನು ಮೆಣಸು, ಶುಂಠಿ, ಬೆಳ್ಳುಳ್ಳಿ, ಚಕ್ಕೆಯೊಂದಿಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಮೂಳೆಯ ಸಾರವೆಲ್ಲ ನೀರಿಗೆ ಇಳಿಯುತ್ತದೆ. ಅಂಟು ಎಷ್ಟೆಂದರೆ, ಕುಡಿದ ಮೇಲೆ ತುಟಿ ತುಟಿಗೆ ಹತ್ತುತ್ತದೆ. ಚಳಿಗಾಲದಲ್ಲಿ ಮೈಸೂರು, ಬೆಂಗಳೂರಿನ ಮುಸ್ಲಿಂ ಮನೆ–ಹೋಟೆಲುಗಳಲ್ಲಿ ಇದಕ್ಕೆ ಬೇಡಿಕೆ. ಜ್ವರ ಬಿಟ್ಟವರಿಗೆ, ಮೂಳೆ ಮುರಿದವರಿಗೆ ಇದನ್ನು ಕೊಡುವುದನ್ನು ಬೇರೆ ಸಮುದಾಯಗಳೂ ಬಲ್ಲವು. ಚರಕನ ಮಾಂಸರಸಕ್ಕೆ ಇಂದಿನ ಮೈಸೂರಿನಲ್ಲಿ ಇದಕ್ಕಿಂತ ಹತ್ತಿರದ ಪದಾರ್ಥವಿಲ್ಲ. ಮೇಕೆಯ ಮಾಂಸ ಅತಿ ತಂಪೂ ಅಲ್ಲ, ಅತಿ ಭಾರವೂ ಅಲ್ಲ, ಮನುಷ್ಯನ ಧಾತುಗಳಿಗೆ ಸಮನಾದದ್ದು, ಪುಷ್ಟಿಕರ ಎಂದೂ ಚರಕ ಹೇಳಿದ್ದಾನೆ. ನಮ್ಮ ಹದವಾದ ಚಳಿಗೆ ಹಂದಿ, ಎಮ್ಮೆಯ ಕೊಬ್ಬಿಗಿಂತ ಇದು ಹೆಚ್ಚು ಒಪ್ಪುತ್ತದೆ.

ಗೋಧಿ, ಬೇಳೆ, ಮಾಂಸ, ತುಪ್ಪವನ್ನು ಒಂದಾಗುವಂತೆ ಅರೆದು ಬೇಯಿಸುವ ಹಲೀಮ್ ಕೂಡ ಇದೇ ಸಾಲಿನದು. ಈಗ ಅದು ರಂಜಾನ್ ತಿಂಗಳ ತಿನಿಸು. ಚಾಂದ್ರಮಾನ ಲೆಕ್ಕದಲ್ಲಿ ರಂಜಾನ್ ವರ್ಷವರ್ಷಕ್ಕೂ ಹಿಂದೆ ಸರಿಯುವುದರಿಂದ 2030ರಲ್ಲಿ ಅದು ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಶುರುವಾಗಲಿದೆ; ಹಲೀಮ್ ಆಗ ತನ್ನ ಸಹಜ ಋತುವಿಗೆ ಬರುತ್ತದೆ. ಬಾದಾಮಿ, ಗಸಗಸೆ, ಹಾಲು, ತುಪ್ಪದ ಹರೀರಾವನ್ನು ಬಾಣಂತಿಯರಿಗೂ ನೆಗಡಿಯಾದವರಿಗೂ ಕೊಡುತ್ತಾರೆ. ಈ ಮನೆಗಳ ಹಿರಿಯರು ಇದಕ್ಕೆ ಆಯುರ್ವೇದದ ಹೆಸರು ಹೇಳುವುದಿಲ್ಲ. ಅವರ ಮಾತಿನಲ್ಲಿ ಬರುವುದು ಯುನಾನಿಯ ಗರಮ್, ಸರ್ದ್, ಬಲ್ಗಮ್. ಚಳಿಗಾಲ ಶೀತ–ಆರ್ದ್ರ ಗುಣದ್ದು, ಬಲ್ಗಮ್ ಎಂದರೆ ಕಫ ಆಗ ಹೆಚ್ಚುತ್ತದೆ ಎಂಬುದು ಯುನಾನಿಯ ಸಿದ್ಧಾಂತ. ಶಾಸ್ತ್ರಗಳು ಬೇರೆಯಾದರೂ ಒಲೆಯ ಮೇಲಿನ ಪಾತ್ರೆಗೆ ಬೀಳುವ ಶುಂಠಿ–ಮೆಣಸು ಒಂದೇ.

ಸಂಹಿತೆಯ ಪಟ್ಟಿ ಪೂರ್ತಿಯಾಗಿ, ಮದ್ಯವೂ ಸೇರಿದಂತೆ, ಕಾಣಸಿಗುವುದು ಪಕ್ಕದ ಕೊಡಗಿನಲ್ಲಿ. ನವೆಂಬರ್–ಡಿಸೆಂಬರಿನ ಪುತ್ತರಿ ಹಬ್ಬದಲ್ಲಿ ಹೊಸ ಅಕ್ಕಿ ಮನೆಗೆ ಬರುತ್ತದೆ. ತುಪ್ಪ, ಎಳ್ಳು ಸೇರಿದ ತಂಬುಟ್ಟು, ಜೇನು, ಹಂದಿ ಮಾಂಸ ಎಲ್ಲವೂ ಉಂಟು. ಹಂದಿ ಚರಕ ಹೇಳುವ ಆನೂಪ, ಎಂದರೆ ಜೌಗಿನ, ಪ್ರಾಣಿಗಳಲ್ಲಿ ಒಂದು. ಕಾಚಂಪುಳಿಯ ಹುಳಿ ಆ ಕೊಬ್ಬನ್ನು ಹಿಡಿತಕ್ಕೆ ತರುತ್ತದೆ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬರುತ್ತವೆ. ಬೀದರ್, ಕಲಬುರಗಿಯ ಚಳಿ ಮೈಸೂರಿನದಕ್ಕಿಂತ ಚುರುಕು, ಸಜ್ಜೆಯ ಉಷ್ಣವೂ ಅದಕ್ಕೆ ತಕ್ಕದ್ದು.

ಎಣ್ಣೆ, ನೀರು, ಗರಡಿ

ಚಳಿಗಾಲದ ಚರ್ಯೆಯಲ್ಲಿ ಊಟದಷ್ಟೇ ಮುಖ್ಯವಾದದ್ದು ಅಭ್ಯಂಗ. ಮೈಗೆ, ತಲೆಗೆ ಎಣ್ಣೆ ತಿಕ್ಕಿ, ಸ್ವಲ್ಪ ಮೈ ದಂಡಿಸಿ, ಜಿಡ್ಡನ್ನು ಚೂರ್ಣ–ಕಷಾಯಗಳಿಂದ ತೆಗೆದು ಬಿಸಿನೀರಿನ ಸ್ನಾನ. ನರಕ ಚತುರ್ದಶಿಯ ಎಣ್ಣೆನೀರು ಈ ಋತುವಿನ ಬಾಗಿಲಲ್ಲೇ ಇದೆ. ಚಳಿಗೆ ಎಳ್ಳೆಣ್ಣೆಯೇ ಉತ್ತಮ. ಕೊಬ್ಬರಿ ಎಣ್ಣೆ ತಂಪು ಗುಣದ್ದು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಜನವರಿಯ ಬೆಳಿಗ್ಗೆ ಮೈಸೂರಿನ ಬಚ್ಚಲುಮನೆಯಲ್ಲಿ ಬಾಟಲಿ ಬೋರಲು ಹಾಕಿದರೂ ಇಳಿಯುವುದಿಲ್ಲ. ಎಳ್ಳೆಣ್ಣೆಯನ್ನು ಉಗುರು ಬೆಚ್ಚಗೆ ಮಾಡಿ, ನೆತ್ತಿ, ಕಿವಿಯ ಸುತ್ತ, ಅಂಗಾಲಿಗೆ ಮರೆಯದೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ತೊಳೆದರೆ ಆಯಿತು. ಸಾಬೂನು ಒಣ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

ಒಂದು ವಿಷಯದಲ್ಲಿ ನಮ್ಮ ರೂಢಿ ತಪ್ಪು. ಹಂಡೆಯ ಕುದಿನೀರನ್ನು ನೆತ್ತಿಯ ಮೇಲೆ ಸುರಿದರೇ ಎಣ್ಣೆನೀರು ಎಂದು ನಂಬಿದವರಿದ್ದಾರೆ. ಬಿಸಿನೀರು ಕತ್ತಿನಿಂದ ಕೆಳಗೆ ಬಲ ಕೊಡುತ್ತದೆ, ತಲೆಗೆ ಸುರಿದರೆ ಕೂದಲು–ಕಣ್ಣಿನ ಬಲ ಕುಗ್ಗಿಸುತ್ತದೆ ಎನ್ನುತ್ತಾನೆ ವಾಗ್ಭಟ. ಕಫ ಕಟ್ಟಿದವರು, ಅಜೀರ್ಣವಾದವರು ಅಭ್ಯಂಗ ಮಾಡಲೇಬಾರದು ಎಂಬುದೂ ಅವನದೇ ಮಾತು. ನೆಗಡಿ ಬಂದಾಗ ‘ಒಂದು ಎಣ್ಣೆನೀರು ಹಾಕಿಕೋ’ ಎನ್ನುವ ಸಲಹೆಯನ್ನು ಕೇಳದಿರುವುದು ಒಳ್ಳೆಯದು.

ವ್ಯಾಯಾಮಕ್ಕೆ ವಾಗ್ಭಟ ಸೂಚಿಸುವುದು ನುರಿತವರೊಂದಿಗೆ ಮಲ್ಲಯುದ್ಧ, ಅದೂ ಅರ್ಧ ಶಕ್ತಿಯಲ್ಲಿ. ಹಣೆಯಲ್ಲಿ ಬೆವರೊಡೆದಾಗ ನಿಲ್ಲಿಸಬೇಕು. ಈ ಮಾತು ಮೈಸೂರಿನಷ್ಟು ಬೇರೆಲ್ಲೂ ಸಹಜವಾಗಿ ಕೇಳದು. ಇಲ್ಲಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಮಟ್ಟಿಗೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡುತ್ತಾರೆ, ಉಸ್ತಾದರ ಕಣ್ಣೆದುರು ಸಾಮು ತೆಗೆಯುತ್ತಾರೆ. ದಸರಾ ಕುಸ್ತಿ ಮುಗಿದ ಮೇಲೆ ಜಾತ್ರೆಗಳ ಕುಸ್ತಿಗೆ ತಯಾರಿ ಚಳಿಗಾಲದಲ್ಲೇ. ಹಾಲು, ಬಾದಾಮಿ, ತುಪ್ಪ, ಮೊಟ್ಟೆ, ಕಾಲು ಸೂಪು ಎಂಬ ಪೈಲ್ವಾನರ ಊಟದ ಪಟ್ಟಿ ಹೇಮಂತಚರ್ಯೆಯಿಂದ ನಕಲು ಮಾಡಿದಂತಿದೆ. ಕುಸ್ತಿ ಆಡದವರು ಬಿಸಿಲೇರಿದ ಮೇಲೆ ಚುರುಕಾಗಿ ನಡೆದರೂ ಸಾಕು. ನಸುಕಿನ ಐದು ಗಂಟೆಯ ವಾಕಿಂಗ್ ಹೃದ್ರೋಗ, ಉಬ್ಬಸ ಇರುವ ವಯಸ್ಸಾದವರಿಗೆ ಸಲ್ಲದು. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ.

ಹಿತವಾದಷ್ಟು ಬಿಸಿಲು, ಸದಾ ಪಾದರಕ್ಷೆ, ರೇಷ್ಮೆ–ಕಂಬಳಿಯ ಹೊದಿಕೆ, ಅಗರು ಧೂಪ, ಕೆಂಡದಿಂದ ಬೆಚ್ಚಗಾದ ಒಳಮನೆ ಎಂದು ವಾಗ್ಭಟನ ಪಟ್ಟಿ ಮುಂದುವರಿಯುತ್ತದೆ. ಸ್ನಾನದ ನಂತರ ಕೂದಲಿಗೆ ಸಾಂಬ್ರಾಣಿ ಹಿಡಿಯುವುದು, ಸಂಜೆ ಮನೆಗೆ ಲೋಬಾನ್ ಹಾಕುವುದು ಆ ಧೂಪದ ಉಳಿಕೆಯಂತಿವೆ. ಕೆಂಡದ ಮಾತನ್ನು ಮಾತ್ರ ಇಂದು ಪಾಲಿಸಕೂಡದು. ಗೋಡೆಗೆ ಗೋಡೆ ತಾಗಿದ, ಒಂದೇ ಕಿಟಕಿಯ ಮನೆಗಳಲ್ಲಿ ಬಾಗಿಲು ಮುಚ್ಚಿ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಮಲಗಿದವರು ಏಳದೇ ಹೋಗಬಹುದು. ಧೂಪದ ಹೊಗೆಯೂ ಆಸ್ತಮಾ ಇರುವ ಮಕ್ಕಳಿಗೆ ಕೆಟ್ಟದ್ದು. ಹಗಲು ನಿದ್ದೆ ಆರೋಗ್ಯವಂತರಿಗೆ ಬೇಸಿಗೆಯಲ್ಲಷ್ಟೇ. ಚಳಿಗಾಲದ ಮಧ್ಯಾಹ್ನ ಮಲಗಿದರೆ ಕಫ ಹೆಚ್ಚುತ್ತದೆ.

ನೆಲ್ಲಿಕಾಯಿ ಮತ್ತು ಲೇಹ್ಯ

ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕ ನೆಡುವ ನೆಲ್ಲಿಯ ಕೊಂಬೆ ಚಳಿಗಾಲದ ಹಣ್ಣು ಬಂದದ್ದರ ಸೂಚನೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ನೆಲ್ಲಿಕಾಯಿ, ಜೇನು ಸಂಗ್ರಹಿಸುವುದಕ್ಕೆ ಹೆಸರಾದವರು. ಚರಕನ ಚ್ಯವನಪ್ರಾಶಕ್ಕೆ 500 ನೆಲ್ಲಿಕಾಯಿ ಬೇಕು, ಜೊತೆಗೆ ಹಲವು ಬೇರು–ಮೂಲಿಕೆ, ತುಪ್ಪ, ಎಣ್ಣೆ, ಸಕ್ಕರೆ, ಹಿಪ್ಪಲಿ, ತಣಿದ ಮೇಲೆ ಜೇನು. ಬಿಸಿ ಇರುವಾಗ ಜೇನು ಹಾಕುವಂತಿಲ್ಲ, ಕಾಯಿಸಿದ ಜೇನನ್ನು ಆಯುರ್ವೇದ ವಿಷಕ್ಕೆ ಸಮ ಎನ್ನುತ್ತದೆ. ಕುದಿಯುವ ಕಷಾಯಕ್ಕೆ ಜೇನು ಸುರಿಯುವವರಿಗೂ ಈ ಮಾತು ಅನ್ವಯ. ಅಂಗಡಿಯ ಚ್ಯವನಪ್ರಾಶದಲ್ಲಿ ಸಕ್ಕರೆಯ ಪಾಲು ದೊಡ್ಡದು ಎಂಬುದನ್ನು ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿದವರು ಬಲ್ಲರು. ಗಂಟಲು ಕಟ್ಟಿದಾಗ ಕೊತ್ತಂಬರಿ–ಜೀರಿಗೆ–ಮೆಣಸಿನ ಕಷಾಯ, ದೊಡ್ಡಪತ್ರೆಯ ತಂಬುಳಿ, ತುಳಸಿ ರಸ ಸಾಕಾಗುತ್ತವೆ. ಮೂರ್ನಾಲ್ಕು ದಿನದಲ್ಲಿ ಜ್ವರ ಇಳಿಯದಿದ್ದರೆ, ಉಸಿರು ಕಟ್ಟಿದರೆ ಕಷಾಯ ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ಯಾರಿಗೆ ಎಷ್ಟು

ಹೇಮಂತಚರ್ಯೆ ಬರೆದವರ ಕಣ್ಣೆದುರು ಇದ್ದದ್ದು ದಿನವಿಡೀ ದುಡಿಯುವ, ನಡೆಯುವ, ಗಟ್ಟಿ ಹಸಿವಿನ ಮನುಷ್ಯ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ಅವರಿಗೆ ಬೆಲ್ಲ, ಕಬ್ಬು, ಹೊಸ ಅಕ್ಕಿ ಔಷಧವಲ್ಲ. ರಕ್ತದೊತ್ತಡದವರಿಗೆ ಉಪ್ಪಿನ ರಸ, ಯೂರಿಕ್ ಆಮ್ಲ ಏರಿದವರಿಗೆ ಪಾಯಾ, ಕೊಬ್ಬಿನ ಯಕೃತ್ತಿನವರಿಗೆ ಧಾರಾಳ ತುಪ್ಪ ಇವೂ ಹಾಗೆಯೇ. ಶಾಸ್ತ್ರವೇ ಇದಕ್ಕೆ ದಾರಿ ಬಿಟ್ಟಿದೆ: ಊಟದ ಪ್ರಮಾಣ ಅಗ್ನಿಬಲಕ್ಕೆ ತಕ್ಕಂತೆ ಎಂದ ಮೇಲೆ, ಕುರ್ಚಿಯಲ್ಲಿ ಕೂತು ಹಸಿವಿಲ್ಲದೆ ಉಣ್ಣುವವನಿಗೆ ಹೇಮಂತದ ಪಟ್ಟಿ ಅನ್ವಯಿಸುವುದೇ ಇಲ್ಲ. ಅಂಥವರು ಈ ಚರ್ಯೆಯಿಂದ ಎತ್ತಿಕೊಳ್ಳಬಹುದಾದದ್ದು ಬಿಸಿ ಊಟ, ಬಿಸಿನೀರು, ಎಣ್ಣೆ ತಿಕ್ಕುವಿಕೆ, ವ್ಯಾಯಾಮ, ಎಳೆಬಿಸಿಲು.

‘ಶಿವರಾತ್ರಿಗೆ ಚಳಿ ಶಿವ ಶಿವ ಎಂದು ಓಡಿಹೋಯಿತು’ ಎನ್ನುತ್ತಾರೆ. ಆದರೆ ಚಳಿಗಾಲದಲ್ಲಿ ದೇಹದಲ್ಲಿ ಸಂಚಯವಾದ ಕಫ ವಸಂತದ ಬಿಸಿಲಿಗೆ ಕರಗಿ, ಅಗ್ನಿಯನ್ನು ಕುಗ್ಗಿಸಿ, ನೆಗಡಿ–ಕೆಮ್ಮಾಗಿ ಹೊರಬೀಳುವುದು ಆಗಲೇ. ಅದಕ್ಕೆಂದೇ ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನಗಳನ್ನು ವಾಗ್ಭಟ ಋತುಸಂಧಿ ಎಂದು ಗುರುತಿಸಿ, ಹಳೆಯ ಅಭ್ಯಾಸವನ್ನು ಮೆಲ್ಲಗೆ ಬಿಡುತ್ತಾ ಹೊಸದನ್ನು ಮೆಲ್ಲಗೆ ಹಿಡಿಯಬೇಕೆನ್ನುತ್ತಾನೆ. ಮೈಸೂರಿನಲ್ಲಿ ಬಿಸಿಲು ಫೆಬ್ರವರಿಯಲ್ಲೇ ಏರುವುದರಿಂದ ಪಂಚಾಂಗಕ್ಕೆ ಕಾಯದೆ, ತುಪ್ಪ, ಉದ್ದು, ಬೆಲ್ಲ, ಪಾಯಾಗಳನ್ನು ಸಂಕ್ರಾಂತಿ ಕಳೆದು ಮೂರ್ನಾಲ್ಕು ವಾರಕ್ಕೆ ಇಳಿಸತೊಡಗಿ, ಹಳೆಯ ಅಕ್ಕಿ, ಹೆಸರುಬೇಳೆ, ಹುರುಳಿಯ ತಿಳಿಸಾರಿಗೆ ಹೊರಳುವುದು ಇಲ್ಲಿನ ಹವೆಗೆ ಸರಿಹೊಂದುತ್ತದೆ.